ಒಳಗಿನ ಒಂದಿಂಚು

ನಿನ್ನೆ ಸಂಜೆಯಿಂದ ಮಂಚದ ಮೇಲೆ ಹಾಸಿಯೇ ಇದೆ
ಹಾಲಮ್ಮ ಟೀಚರು ಕೊಟ್ಟುಹೋದ ಎಂಬತ್ತು ಸೆಂಟಿಮೀಟರು,
ನೇರಳೆ ಬಣ್ಣ, ಸಣ್ಣ ಜರಿಯಂಚು.
"ಶನಿವಾರಕ್ಕೆ ಬೇಕು ನೋಡು, ತಂಗಿ ಮಗಳ ಸೀಮಂತ" ಅಂದವರು
ಈ ಮುಂಚೆ ಎಷ್ಟು ಹೊಲಿದಿದ್ದೀ ಅಂತ
ಕೇಳಲೇ ಇಲ್ಲ. ನಾನೂ ಹೇಳಲಿಲ್ಲ.

ಹನ್ನೊಂದು ವರ್ಷ ಚೌಕಿಪೇಟೆಯ ಮೌಲಾಸಾಬರ ಅಂಗಡಿಯಲ್ಲಿ
ಅವರು ಕತ್ತರಿಸಿ ಹೊಲಿದು ಎಸೆದದ್ದಕ್ಕೆ
ಕೊಕ್ಕೆ ಹಾಕಿದೆ, ಕಾಜ ತೆಗೆದೆ, ಫಾಲ್ಸು ಹಚ್ಚಿದೆ.
ತಪ್ಪಿದರೆ ಬಿಚ್ಚಬಹುದಾದ ಕೆಲಸ ಎಲ್ಲಾ.
ನೂಲು ಕ್ಷಮಿಸುತ್ತದೆ.
ಕತ್ತರಿ ಹಾಗಲ್ಲ.

ಮೂರು ಸಲ ಚಾಕಿನಲ್ಲಿ ಗೆರೆ ಎಳೆದೆ,
ಮೂರು ಸಲ ಸೆರಗಿನಲ್ಲಿ ಒರೆಸಿದೆ.
ಕಸವಿಲ್ಲದ ಅಂಗಳ ಗುಡಿಸಿದೆ.
ಕತ್ತರಿ ಮೊಂಡು ಅಂತ ನೆಪ ತೆಗೆದು
ನಿಟ್ಟುವಳ್ಳಿಯಿಂದ ಅಶೋಕ ಟಾಕೀಸಿನ ತನಕ ನಡೆದೆ.
ರೈಲ್ವೆ ಗೇಟು ಹಾಕಿತ್ತು.

ಹಾಕಿದ್ದಕ್ಕೆ ಎಂಥಾ ನೆಮ್ಮದಿ!
ಎಡಕ್ಕೆ ಆಟೋ, ಬಲಕ್ಕೆ ಮೆಣಸಿನಕಾಯಿ ಬಂಡಿ,
ಎಲ್ಲರೂ ರೈಲನ್ನು ಬೈಯುತ್ತಿದ್ದರೆ
ನಾನೊಬ್ಬಳೇ ಬೇಡಿಕೊಂಡೆ:
ಗೂಡ್ಸು ಬರಲಿ, ಉದ್ದದ್ದು ಬರಲಿ,
ಡಬ್ಬಿಯ ಹಿಂದೆ ಡಬ್ಬಿ, ಹೊತ್ತು ಮುಳುಗುವ ತನಕ.
ಬಂತು. ಹೋಯಿತು. ಗೇಟು ಎದ್ದಿತು.
ಹಿಂದಿನಿಂದ ಯಾವನೋ ಹಾರನ್ನು ಒತ್ತಿದ:
"ನಡೀ ಅಕ್ಕಾ, ಹಿಂಗೆ ನಿಂತ್ಕಂಡ್ರೆ ಹೆಂಗೆ?"

ಸಾಣೆಯವನು ಕತ್ತರಿ ತೆರೆದು, ಮುಚ್ಚಿ,
ಬಿಸಿಲಿಗೆ ಹಿಡಿದು ನೋಡಿದ.
"ಇದಕ್ಕೇನಾಗೇತಿ? ಒಂದು ಸಲಾನೂ ಬಟ್ಟೆ ಮುಟ್ಟಿಲ್ಲ ಇದು."
ದುಡ್ಡೂ ತಗೊಳ್ಳಲಿಲ್ಲ.

ಮನೆಗೆ ಬಂದು, ಯಾಕೋ,
ನನ್ನದೇ ಹಳೆ ಕುಪ್ಪಸ ತೆಗೆದು ಒಳಮಗ್ಗುಲು ತಿರುವಿದೆ.
ಬಗಲ ಹೊಲಿಗೆಯಾಚೆ, ಹೊರಗೆ ಕಾಣದ ಕಡೆ,
ಮೌಲಾಸಾಬರು ಬಿಟ್ಟ ಒಂದಿಂಚು ಬಟ್ಟೆ.
ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಅಂತ ಬಿಡೋದು,
ಅಷ್ಟೇ ಅಂದುಕೊಂಡಿದ್ದೆ.
ಅದರ ಅಂಚು ವಾಲಿತ್ತು.
ಕತ್ತರಿ ಒಂದು ಕಡೆ ಒಳಗೆ ನುಗ್ಗಿ,
ಗಾಬರಿಯಾಗಿ ಹೊರಗೆ ಬಂದು,
ಏನೂ ಆಗದವರ ಹಾಗೆ ಮುಂದೆ ಹೋಗಿತ್ತು.
ನಲವತ್ತು ವರ್ಷ ಪಳಗಿದ ಕೈ!
ಹನ್ನೊಂದು ವರ್ಷ ಇಂಥವೇ ಅಂಚು ಹಿಡಿದು ಕೂತವಳು
ಒಮ್ಮೆಯೂ ನೋಡಿರಲಿಲ್ಲ.
ಒಬ್ಬಳೇ ನಕ್ಕುಬಿಟ್ಟೆ.

ನಾಲ್ಕನೆಯ ಗೆರೆ ಎಳೆದೆ.
ಆಚೆಗೆ ಒಂದಿಂಚು ಬಿಟ್ಟೆ, ಟೀಚರಿಗೆ.
ಇನ್ನೊಂದು ಕಾಲಿಂಚು, ನನಗೆ.

ಕರ್ರ್
ಅಂತ ಅಷ್ಟೇ ಸದ್ದು.
ಬೆಕ್ಕು ಕೂಡ ತಲೆಯೆತ್ತಲಿಲ್ಲ.
ಬಗಲ ತಿರುವಿನಲ್ಲಿ ಕೈ ಕೊಂಚ ವಾಲಿತು.
ವಾಲಲಿ.
ಬೆನ್ನು ಮುಗಿಯಿತು,
ತೋಳು ಇನ್ನೂ ಬಾಕಿ ಇವೆ.