ಟ್ಯಾಂಕಿಯ ಮೇಲಿಂದ ಒಂದು ಸುತ್ತು

ಎಂಬತ್ತೊಂದು ಮೆಟ್ಟಿಲು. ಅರವತ್ತರ ಆಸುಪಾಸು
ಒಂದು ಸರಳು ಸಡಿಲ; ಹದಿನಾರು ವರ್ಷದಿಂದ
ಮಾತು ಬಿಟ್ಟ ದಾಯಾದಿಯಂತೆ
ಅದನ್ನು ದಾಟಿಕೊಂಡೇ ಹತ್ತುತ್ತೇನೆ.

ದಿನಾ ಹತ್ತುವುದು ಒಳಗೆ ಇಣುಕಲಿಕ್ಕೆ:
ನೀರು ಎಷ್ಟು ಅಡಿ, ಪಾರಿವಾಳ ಬಿದ್ದಿದೆಯೇ.
ಇವತ್ತು ಕೊರಳಲ್ಲಿ ರುಖಿಯಾಳ ಫೋನು.
ಪಿಯುಸಿ ಹುಡುಗಿ. ‘ಪ್ರಾಜೆಕ್ಟು ಮಾಮಾ,
ನಡುಗಡ್ಡೆ ಪೂರ್ತಿ ಒಂದೇ ಫೋಟೋದಲ್ಲಿ ಬರಬೇಕು.
ಬಾಣ ಗೆರೆ ಬಿಡಬಾರದು. ನಿಂತಲ್ಲೇ ತಿರುಗಿ.
ನಿಧಾನ. ಉಸಿರೂ ನಿಧಾನ.’

ತಿರುಗಿಸುವುದು ನನಗೆ ಹೊಸದಲ್ಲ.
ಮೇನ್ ವಾಲ್ವು ಹನ್ನೊಂದೂವರೆ ಸುತ್ತಿಗೆ ಬಾಯಿ ಬಿಡುತ್ತದೆ.
ಆದರೆ ನಾನೇ ಕೀಲಿಯಾಗಿ ತಿರುಗಿದ್ದು ಇದೇ ಮೊದಲು.

ಮೊದಲು ತುಂಗೆ. ಬೇಸಿಗೆಯ ತುಂಗೆ,
ಬಂಡೆಗಳ ನಡುವೆ ಚಿಲ್ಲರೆ ಎಣಿಸುತ್ತ ಹೋಗುವವಳು.
ಆಚೆ ದಡದಲ್ಲಿ ಶಿವಮೊಗ್ಗ,
ಬಿಸಿಲಿಗೆ ಹಲ್ಲು ಕಿರಿಯುವ ಗಾಜಿನ ಅಂಗಡಿಗಳು.
ಕಾಲುಸಂಕ ಮುನ್ನೂರು ಹೆಜ್ಜೆ, ಅಷ್ಟೇ.
ಆದರೂ ‘ಪೇಟೆಗೆ ಹೋಗಿ ಬರ್ತೀನಿ’ ಅನ್ನುತ್ತೇವೆ,
ಚಪ್ಪಲಿ ಬದಲಿಸುತ್ತೇವೆ.

ಆಮೇಲೆ ರೈಲು ಸೇತುವೆ. ತಾಳಗುಪ್ಪದ ಗಾಡಿ ಬಂದಾಗ
ನಮ್ಮ ಪಾತ್ರೆಗಳೆಲ್ಲ ಸಣ್ಣಗೆ ಮಾತಾಡಿಕೊಳ್ಳುತ್ತವೆ.
ಅದರಾಚೆ ಗುಡ್ಡಗಳು,
ನೀಲಿ ಹಾಕಿದ ಬಕೀಟಿನಲ್ಲಿ ಅದ್ದಿ ತೆಗೆದ
ಕಾಲರಿನಷ್ಟೇ ಅಗಲ.

ಆಮೇಲೆ ಚಾನಲ್ಲು, ಅಕ್ಕಿ ಗಿರಣಿಯ ಗೋಡೆ,
ಇವುಗಳ ನಡುವೆ ಇರುಕಿಕೊಂಡ ನೂರಾ ಹದಿನಾಲ್ಕು ಮನೆ.
ತಗಡಿನ ಮೇಲೆ ಟೈರು, ಟೈರಿನ ಮೇಲೆ ಕಲ್ಲು,
ಕಲ್ಲಿನ ಮೇಲೆ ಬೆಕ್ಕು.
ಮೇದಾರ ಗುತ್ಯಪ್ಪ ಬಿದಿರು ಸೀಳುತ್ತಾನೆ;
ಗಳ ಓಣಿಗಿಂತ ಉದ್ದ,
ಸೀಳಿ ಮುಗಿಯುವ ತನಕ ಸ್ಕೂಟರು ಕಾಯುತ್ತದೆ,
ಹಾಲಿನವನು ಹಾರಿ ಹೋಗುತ್ತಾನೆ.
ಖೈರುನ್ನೀಸಾ ಮೊರದಲ್ಲಿ ಬೀಡಿ ಎಲೆ,
ಸೆಲ್ವಿ ಮೊರದಲ್ಲಿ ಮೆಣಸಿನಕಾಯಿ,
ಇಬ್ಬರದೂ ಒಂದೇ ಗೋಡೆ, ಮಾತಿಲ್ಲ
ಹೋದ ಯುಗಾದಿಯ ನೀರಿನ ಪಾಳಿಯಿಂದ.
ಯಾರ ಮೋಟಾರು ನಲ್ಲಿಗೇ ಬಾಯಿ ಹಚ್ಚಿದೆ
ಅನ್ನುವುದೂ ಇಲ್ಲಿಂದ ಕಾಣುತ್ತದೆ.
ಬರೆದುಕೊಳ್ಳುವುದಿಲ್ಲ.

ಗುತ್ಯಪ್ಪನ ಗೋಡೆಯಲ್ಲಿ ಎದೆಮಟ್ಟಕ್ಕೊಂದು ಕೆಂಪು ಗೆರೆ:
ಆ ವರ್ಷ ನೀರು ಇಲ್ಲಿ ತನಕ.
ನಡುಗಡ್ಡೆ ಎಂಬ ಹೆಸರು ವರ್ಷಕ್ಕೆ ನಾಲ್ಕು ದಿನ ನಿಜವಾಗುತ್ತದೆ,
ಉಳಿದ ದಿನ ಬರೀ ವಿಳಾಸ.

ಇಳಿದು ಬಂದೆ. ಕೈಯಿಂದ ಕೈಗೆ ಫೋನು.
ತುಂಗೆ ಬಿಲ್ಲಿನಂತೆ ಬಾಗಿದ್ದಾಳೆ, ಯಾರೋ ನಗಿಸಿದ ಹಾಗೆ.
ಬಸ್ಸಿಗೆ ಮೂತಿಯಿಲ್ಲ. ಗುತ್ಯಪ್ಪ ಎರಡು ಸಲ ಇದ್ದಾನೆ,
ಇಲ್ಲಿ ಕತ್ತಿ ಹಿಡಿದು, ಅಲ್ಲಿ ಚಾ ಕುಡಿಯುತ್ತ;
ನಾನು ತಿರುಗುವಷ್ಟರಲ್ಲಿ ಅವನು ನಡೆದಿದ್ದಾನೆ.
‘ಅದಕ್ಕೇ ನನಗೆ ಸುಸ್ತು’ ಅಂದ.

ಫಿಲೋಮಿನಾಬಾಯಿ ಮಾತ್ರ ನಗಲಿಲ್ಲ.
ಕನ್ನಡಕ ಒರೆಸಿ ಮತ್ತೆ ನೋಡಿದಳು.
‘ನನ್ನ ಮನೆ ಎಲ್ಲೋ ಕರಿಬಸಣ್ಣಾ?’
ಎರಡು ಚಿತ್ರ ಹೊಲಿದ ಕಡೆ,
ಹೊಲಿಗೆಯೊಳಗೆ ಹೋಗಿಬಿಟ್ಟಿದೆ,
ಕರಿಬೇವಿನ ಗಿಡ, ಒಣಗಿದ ಹಪ್ಪಳ ಸಮೇತ.
‘ಇಪ್ಪತ್ತೆರಡು ವರ್ಷ ಕಂದಾಯ ಕಟ್ಟಿದೀನಿ,’ ಅಂದಳು.
ಯಾರಿಗೂ ಏನು ಹೇಳಬೇಕೋ ತಿಳಿಯಲಿಲ್ಲ.
ರುಖಿಯಾ ಪೆನ್ಸಿಲು ತೆಗೆದಳು:
‘ನಾನು ಬರೀತೀನಿ ಆಂಟಿ. ಕಿಟಕಿ ಎಷ್ಟು?’
‘ಎರಡು. ಒಂದು ತೆಗಿಯೋಕೆ ಬರಲ್ಲ. ಅದನ್ನೂ ಬರಿ.’

ಗುತ್ಯಪ್ಪನ ಮೊಮ್ಮಗ ಕೊನೆಗೆ ಕೇಳಿದ,
‘ಟ್ಯಾಂಕಿಯೇ ಇಲ್ಲವಲ್ಲ?’
ಇಲ್ಲ. ನಿಂತ ಜಾಗ ಬರುವುದಿಲ್ಲ.
ನೆರಳಿತ್ತು, ಸೂರುಗಳ ಮೇಲೆ ಉದ್ದಕ್ಕೆ ಬಿದ್ದು
ಹೊಳೆಯಲ್ಲಿ ತಲೆಯಿಟ್ಟು ಮಲಗಿದ್ದು;
ತುದಿಯಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು, ನಾನು.

‘ಫೋಟೋ ಸಾಕು. ನೀರು ಬಿಡ್ತೀಯೋ ಇಲ್ಲವೋ?’
ಸೆಲ್ವಿ ಕೊಡ ಇಟ್ಟಳು. ಖೈರುನ್ನೀಸಾಳ ಕೊಡದ ಪಕ್ಕ,
ನಡುವೆ ಒಂದು ಗೇಣು ಬಿಟ್ಟು.
ಹನ್ನೊಂದೂವರೆ ಸುತ್ತು.
ಮೊದಲು ಬರುವುದು ಗಾಳಿ,
ಆಮೇಲೆ ಕೆಮ್ಮು.