ಳೆ ಕಡಿಮಿ ಬಿದ್ದ ರಾತ್ರಿ

ಮದುವಿ ಕಾರ್ಡಿನ ಹಂಗಾಮು ಮುಗಿದಿತ್ತು.
ಡಿಟಿಪಿ ಅಂಗಡಿ ಶಟರ್ ಅರ್ಧ ಇಳಿಸಿ
ಜಿಲ್ಲಾ ಗ್ರಂಥಾಲಯದ ಮಾಳಿಗಿ ಹತ್ತಿದೆ.
ಅಲ್ಲೊಂದು ಕಂಪ್ಯೂಟರು, ಸ್ಪಂಜು ಹರಿದ ಹೆಡ್‌ಫೋನು;
ದೇಶದ ದೊಡ್ಡ ಗ್ರಂಥಾಲಯದ ಉಗ್ರಾಣಕ್ಕ
ಗದಗಿನಿಂದ ಒಂದು ಕಿಂಡಿ.

‘ಏನ್ ಹುಡುಕ್ತೀರಿ?’ ಅಂದ್ರು ಕೊಟಬಾಗಿಯವರು.
ನಮ್ಮಜ್ಜನ ತಪ್ಪು, ಅನಬೇಕಿತ್ತು.
ನಾಟಕದ ಹಳೇ ಪದಾ, ಅಂದೆ.

ಅಜ್ಜ ರಾಜೇಸಾಬ.
ಸ್ಟೇಷನ್ ರಸ್ತೆ ಛಾಪಖಾನೆಯಾಗ
ನಲವತ್ತೊಂದು ವರ್ಷ ಮೊಳೆ ಜೋಡಿಸಿದಾವ.
ಕಲಿತಿದ್ದು ಮೂರನೇತ್ತೆ.
ತಲೆಕೆಳಗ, ತಿರುವುಮುರುವಾಗಿ,
ಕನ್ನಡಿಯೊಳಗಿನ ಕನ್ನಡಾನ
ಮಾಸ್ತರರಕಿಂತ ಜಲ್ದಿ ಓದತಿದ್ದ.
ನಮಾಜಿಗೆ ಕುಂತಾಗೂ
ಉಗುರ ಸಂದಿನ್ಯಾಗ ಮಸಿ.

ಅವ ಹೇಳತಿದ್ದ ಕತಿ ಒಂದ:
ಮುಂಜಾನಿಗೆ ನಾಟಕ ಕಂಪನಿಗೆ
ಪದದ ಪುಸ್ತಕ ಐನೂರು ಹೋಗಬೇಕು.
ಗ್ಯಾಸಬತ್ತಿ ಸೂಂ ಅನ್ನಾಕತ್ತೈತಿ.
ಕೊನೇ ಪುಟ. ಖಾನೆಯಾಗ ಕೈ ಹಾಕಿದ್ರ
ಳೆ ಇಲ್ಲ.
ಮಳೆ, ಹೊಳೆ, ಎಳೆ, ಗೆಳೆಯ ಅಂತ
ಬರದಾವ ಇದ್ದಬದ್ದ ಳೆ ಎಲ್ಲಾ ಸುರುವಿ ಮುಗಿಸ್ಯಾನ!
ಉಳಿದದ್ದು ಒಂದ ಸಾಲು,
‘ಮುಂಗೈ ತುಂಬ ಬಳೆ ತೊಡಿಸಿ ಹೋದಾ’.
ಅಜ್ಜ ಬ್ಯಾರೆ ಖಾನೆಯಿಂದ ಒಂದು ಲೆ ತಗದು ಇಟ್ಟ.
ಓದಾವ್ರಿಗೆ ತಿಳೀತೈತಿ ಬಿಡು, ಅಂತ.

ಮಾಲಕ ಎರಡು ದಿನದ ಪಗಾರ ಕಡದ.
ಕತಿ ಅಲ್ಲಿಗೇ ಮುಗೀತಿತ್ತು, ನಾವು ಹುಡುಗೂರು ನಗತಿದ್ವಿ.
ಅಜ್ಜ ಮಾತ್ರ ಪ್ರತಿ ಸರ್ತಿ
ನಿನ್ನೆ ಕಡದ್ರೇನೋ ಅನ್ನೂಹಂಗ
ಬೆರಳಿನ ಮ್ಯಾಲ ಆಣೆ ಎಣಸತಿದ್ದ.

ಪರದೆ ಮ್ಯಾಲ ಬಂತು:
ಹದಿನಾರು ಪುಟ, ಹುಳ ತಿಂದ ಅಂಚು, ಬೆಲೆ ಒಂದಾಣೆ.
ಕವಿ: ತಿಳಿದಿಲ್ಲ.
ಷರಾ: ಮುದ್ರಣದೋಷಗಳಿವೆ.
ನೆಟ್ಟಗ ಹದಿನಾರಕ್ಕ ಹೋದೆ. ಇತ್ತು.
ಬಲೆ.
ಎಂಬತ್ತು ವರ್ಷ, ಅಳಕದ ಕುಂತಿತ್ತು,
ಅಜ್ಜನ ಸಹಿ ಇದ್ದಂಗ.

ಅದರ ಕೆಳಗ ಇನ್ನೊಂದು ಸಾಲು:
ಇದೇ ಪದ, ಧ್ವನಿಮುದ್ರಿಕೆ, ಮೂರು ನಿಮಿಷ ಎಂಟು ಸೆಕೆಂಡು.
ಹಾಡಿದವರು ತಂಗೆವ್ವ ಹೊಂಬಳ.
ಇದನ್ನ ಅಜ್ಜ ಹೇಳಿದ್ದಿಲ್ಲ. ಗೊತ್ತಿದ್ದಿಲ್ಲ ಅನಸ್ತೈತಿ;
ಗ್ರಾಮೋಫೋನು ಇದ್ದ ಮನಿಗೆ
ಬಿಲ್ ಕೊಡಾಕ ಹೋದ್ರೂ ಕಟ್ಟಿಗೇ ನಿಲ್ಲಾವ ಅವ.

ಮೊದಲು ಕರಕರ, ಯಾರೋ ಪುಠಾಣಿ ಅಗದಂಗ.
ಆಮೇಲೆ ಕಾಲುಪೆಟಗಿ. ಆಮೇಲೆ ಆಕಿ,
ಮೂಗಿನಿಂದ ಒಂಚೂರು, ಎದಿಯಿಂದ ಬಾಳ:
ಮುಂಗೈ ತುಂಬ ಬಳೆ ತೊಡಿಸಿ ಹೋದಾ
ಒಮ್ಮೆ. ಎರಡು ಸಲ. ಸರೀನ ಹಾಡಿದಳು.
ಮೂರನೇದಕ್ಕ ತಬಲಾ ತಡೀತು,
ದನಿ ಒಂದು ಪಾವಟಿಗಿ ಇಳದು
ಬಲೆ
ಅಂದಳು.
ಲ ಮ್ಯಾಲ ನಾಲಿಗಿ ಒಂದು ಕ್ಷಣ ಹೆಚ್ಚಿಗಿ ಇಟ್ಟು.
ಮುಂಗೈ ತುಂಬ ಬಲೆ ತೊಡಿಸಿ ಹೋದಾ
ಹಿಂದ ಯಾರೋ ‘ಆಹಾ’ ಅಂದ್ರು.
ಮುಂದ ಆಕಿ ಬಳೆಗೆ ತಿರುಗಿ ಬರಲೇ ಇಲ್ಲ.
ಕಡೀಗೆ, ತಟ್ಟಿ ಮುಗಿಯೂದರೊಳಗ, ಅವಸರದಾಗ
ತನ್ನ ಹೆಸರು ತಾನ ಹೇಳಿದಳು, ‘ತಂಗೆವ್ವ, ಹೊಂಬಳ!’
ಬಸ್ಸು ಬಿಟ್ಟು ಹೊಂಟಾಗ ಕಿಡಕಿಯಿಂದ ಒದರಿದಂಗ.

ನಾಕು ಸಲ ಕೇಳಿದೆ.
ಕೊಟಬಾಗಿಯವರು ಕೀಲಿಕೈ ಗೊಂಚಲಾ ಕುಲುಕಿದ್ರು.

ಛಾಪಖಾನೆ ಮುಚ್ಚಿದಾಗ
ಮೊಳೆಯೆಲ್ಲಾ ಸೀಸದ ತೂಕಕ್ಕ ಹೋದವು.
ಅಜ್ಜ ಒಂದನ್ನ ಕಿಸೆಯಾಗ ಹಾಕ್ಕೊಂಡು ಬಂದಿದ್ದ.
ಳೆ.
‘ಮತ್ತ ಕಡಿಮಿ ಬೀಳಬಾರದಲ್ಲ.’
ಈಗದು ನನ್ನ ಮೇಜಿನ ಡ್ರಾವರಿನಾಗ, ಟಾಚಣಿ ಜೋಡಿ.
ನನ್ನ ಕೀಲಿಮಣಿಯಾಗ ಳ ಎಂದೂ ತೀರೂದಿಲ್ಲ,
ಶಿಫ್ಟ್ ಒತ್ತಿದ್ರ ಬೇಕಾದಷ್ಟು.
ಇಪ್ಪತ್ತು ವರ್ಷ ಆತು ಒತ್ತಾಕತ್ತು;
ನನ್ನ ತಪ್ಪು ಯಾರೂ ಹಾಡಿಲ್ಲ,
ಫೋನು ಮಾಡಿ ಬೈದಾರ ಅಷ್ಟ.

ಏಳೂ ಮುಂಚೆ ಪರದೆ ಕೇಳಿತು:
ಈ ದಾಖಲೆಯಲ್ಲಿ ತಿದ್ದುಪಡಿ ಬೇಕೆ?
ಮೂರು ಸಲ ಹೊಡದು ಮೂರು ಸಲ ಅಳಿಸಿ
ಬರದೆ:
ಪುಟ ಹದಿನಾರು, ಕಡೇ ಸಾಲು.
ತಿದ್ದಬ್ಯಾಡ್ರಿ.