ಬರಿಹೊಟ್ಟೆಯ ಪರೀಕ್ಷೆ

ಕೀಲುಂಗ್ ಬಂದರಿನ ಆಸ್ಪತ್ರೆ, ನಾಲ್ಕನೇ ಮಹಡಿ.
ರಾತ್ರಿ ಹತ್ತರಿಂದ ಏನೂ ತಿಂದಿಲ್ಲ, ಎಂದ ಹ್ಸು ಚಿಂಗ್-ತ್ಯೆನ್;
ಆಮೇಲೆ, ಲೆಕ್ಕ ತಪ್ಪಬಾರದೆಂಬಂತೆ,
ಮೊನ್ನೆಯಿಂದಲೂ, ಎಂದು ಸೇರಿಸಿದ.

ನರ್ಸ್ ಪೈ-ಜುಂಗ್ ಮೂರು ನಳಿಕೆ ರಕ್ತ ತೆಗೆದಳು.
ಒಂದರಲ್ಲಿ ಗ್ರೆಲಿನ್ ಹುಡುಕುತ್ತಾರೆ,
ಖಾಲಿ ಜಠರ ಮಿದುಳಿಗೆ ಕೂಗುವ ಕೂಗು.
ಇನ್ನೊಂದರಲ್ಲಿ ಲೆಪ್ಟಿನ್, ಕೊಬ್ಬು ಹೇಳುವ "ಸಾಕು".
ಮೂರನೆಯದು ಯಾತಕ್ಕೆಂದು ನನಗೆ ಯಾರೂ ಹೇಳಿಲ್ಲ.
ನನ್ನ ಕೆಲಸ ಕಾರ್ಡುಗಳದು.

ಬಣ್ಣಕ್ಕೆ ಬಣ್ಣ ಸೇರಿಸುತ್ತ ಹೋದರೆ "ಸರಿ" ಅನ್ನುತ್ತೇನೆ.
ಹತ್ತು ಸರಿಯಾದ ಮೇಲೆ, ಸುಳಿವು ಕೊಡದೆ,
ನಿಯಮ ಬದಲಿಸುತ್ತೇನೆ. ಈಗ ಆಕಾರ.
ಅವನು ಕೆಂಪಿಗೆ ಕೆಂಪನ್ನೇ ಇಡುತ್ತಾನೆ. "ತಪ್ಪು."
ಮತ್ತೆ ಕೆಂಪು. "ತಪ್ಪು." ಮತ್ತೆ.
ಹದಿನೇಳು ಸಲ,
ಬಾಗಿಲು ಆಚೆ ಬದಿಗೆ ಹೋದ ಮನೆಯ
ಹಳೆ ಗೋಡೆಯನ್ನೇ ತಟ್ಟುವವನ ಹಾಗೆ.

ಇವನು ಮೂವತ್ತು ವರ್ಷ ಮೀನುಪೇಟೆಯಲ್ಲಿ ಹರಾಜು ಕೂಗಿದವನು.
ನಸುಕಿನ ಮೂರಕ್ಕೆ ಬುಟ್ಟಿ ಬುಟ್ಟಿ ಬಂಗುಡೆ, ಬೊಂಡಾಸ,
ನಲವತ್ತು ಜನರ ಬಾಯಲ್ಲಿ ನಲವತ್ತು ಬೆಲೆ,
ಎಲ್ಲ ತಲೆಯಲ್ಲೇ. ಚೀಟಿ ಬರೆದವನಲ್ಲ.
ಒಂದು ವಸಂತ ಎಂಟು ದಿನ ನಿದ್ದೆಗೆಟ್ಟು
ಪೇಟೆಯ ಬುಟ್ಟಿಗಳನ್ನೆಲ್ಲ ತಾನೇ ಕೊಂಡನಂತೆ.
ಆಮೇಲಿನ ತಿಂಗಳುಗಳು ಹಾಸಿಗೆ, ಗೋಡೆ.

"ಹಸಿವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."
ಬಹಳ ಹೊತ್ತು ಯೋಚಿಸಿದ.
"ಪಕ್ಕದ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ.
ನಮ್ಮದಲ್ಲ ಅಂತ ಕೂತಿದ್ದೇನೆ.
ಅದಕ್ಕೆ ಎಷ್ಟು?"
ಮೂರು ಎಂದು ಬರೆದೆ. ಅಳಿಸಿದೆ.

ಪರೀಕ್ಷೆ ಮುಗಿದವರಿಗೆ ಒಂದು ಅನ್ನದ ಉಂಡೆ,
ಒಂದು ಲೋಟ ಬಿಸಿ ಸೋಯಾ ಹಾಲು.
ಹಾಲು ಕುಡಿದ. ಉಂಡೆಯನ್ನು ಅಂಗೈಯಲ್ಲಿಟ್ಟು
ಎರಡು ಸಲ ಸಣ್ಣಗೆ ಎತ್ತಿ ಇಳಿಸಿದ.
"ಮೂರೂವರೆ ಲಿಯಾಂಗ್," ಎಂದ. ನನಗೆ ಹೇಳಿದ್ದಲ್ಲ.
ಯಾರಾದರೂ ಬೆಲೆ ಕೂಗಿಯಾರೆಂಬಂತೆ ಕೋಣೆಯೆಲ್ಲ ನೋಡಿ
ಅದನ್ನು ಮೇಜಿನ ಮೇಲಿಟ್ಟು ಹೊರಟ.

ಲಿಫ್ಟ್ ಇಳಿದ ಸದ್ದು ಕೇಳಿದ ಮೇಲೆ
ಉಂಡೆಯನ್ನು ಪ್ರಯೋಗಾಲಯದ ತಕ್ಕಡಿಗೆ ಹಾಕಿದೆ.
ನೂರಾ ಮೂವತ್ತು ಗ್ರಾಂ.
ಲಿಯಾಂಗಿಗೆ ಮೂವತ್ತೇಳೂವರೆ; ಅದನ್ನು ಮೂರೂವರೆಯಿಂದ
ಗುಣಿಸಿದೆ. ತಪ್ಪಿತು. ಮತ್ತೆ ಗುಣಿಸಿದೆ, ಮತ್ತೆ ತಪ್ಪು.
ಮೂರನೆಯ ಸಲ ಬಂತು: ನೂರಾ ಮೂವತ್ತೊಂದು, ಚಿಲ್ಲರೆ.

ನಮೂನೆಯಲ್ಲಿ ಕೈಗೊಂದು ಸಾಲಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದು
ಉಂಡೆಯನ್ನು ನಾನೇ ತಿಂದೆ, ನಿಂತುಕೊಂಡೇ.
ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ.